ಮುಂಗಾರು ಹೋದ ಮೇಲೂ ಕರಾವಳಿಗೆ ಅಲರ್ಟ್ ಏಕೆ?

2024ರ ಅಕ್ಟೋಬರ್ 15ರಂದು ನೈಋತ್ಯ ಮುಂಗಾರು ಇಡೀ ದೇಶದಿಂದ ಹಿಂದೆ ಸರಿದಿದೆ ಎಂದು ಭಾರತೀಯ ಹವಾಮಾನ ಇಲಾಖೆ ಘೋಷಿಸಿತು. ದಕ್ಷಿಣ ಭಾರತದಲ್ಲಿ ಹಿಂಗಾರು ಆರಂಭವಾಗಿದೆ ಎಂದೂ ಅದೇ ದಿನ ಹೇಳಿತು. 2025ರಲ್ಲಿ ಈ ಎರಡು ಘೋಷಣೆಗಳು ಅಕ್ಟೋಬರ್ 16ರಂದು ಜೊತೆಯಾಗಿಯೇ ಬಂದವು. ವಾರ ಕಳೆಯುವಷ್ಟರಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿ, ಕರ್ನಾಟಕದ ಕರಾವಳಿಗೆ ಮಳೆಯ ಅಲರ್ಟು, ಮೀನುಗಾರರಿಗೆ ಗಾಳಿಯ ಎಚ್ಚರಿಕೆ ಮತ್ತೆ ಹೊರಬಿದ್ದವು. ಮಳೆಗಾಲ ಮುಗಿಯಿತೆಂಬ ಸುದ್ದಿಯನ್ನು ಓದಿ ಮುಗಿಸುವ ಮೊದಲೇ ಭಾರಿ ಮಳೆಯ ಸುದ್ದಿ ಬರುವುದು, ಅಲರ್ಟ್ ಇದ್ದ ದಿನ ಬಿಸಿಲು ಕಾಯುವುದು, ಅಲರ್ಟೇ ಇಲ್ಲದ ಸಂಜೆ ಅಂಗಳದಲ್ಲಿ ಹರಡಿದ ಅಡಿಕೆ ತೊಯ್ದುಹೋಗುವುದು, ಇವೆಲ್ಲ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಓದುಗರಿಗೆ ಪ್ರತಿ ಅಕ್ಟೋಬರಿನ ಗೊಂದಲಗಳಾಗಿವೆ.

ಇದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆ ಸುಳ್ಳಾಗುತ್ತಿರುವುದೇ ಕಾರಣ ಎಂಬುದು ಸಾಮಾನ್ಯ ದೂರು. ಈ ದೂರಿನಲ್ಲಿ ಸ್ವಲ್ಪ ಹುರುಳಿದೆ, ಆದರೆ ಕಾರಣ ಬೇರೆಯೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುವ ಮಳೆಗೂ ಹುಟ್ಟು, ವಿಸ್ತಾರ, ಅವಧಿ ಯಾವುದರಲ್ಲೂ ಹೋಲಿಕೆಯಿಲ್ಲ. ಎರಡನ್ನೂ ಹೇಳಲು ಬಳಸುತ್ತಿರುವ ನಕ್ಷೆ, ಬಣ್ಣ ಮತ್ತು ಪದಗಳು ಮಾತ್ರ ಒಂದೇ.

ಮುಂಗಾರು ‘ಹಿಂದೆ ಸರಿಯುವುದು’ ಎಂದರೇನು?

ವಾಯುವ್ಯ ಭಾರತದಲ್ಲಿ ಮುಂಗಾರು ಹಿಂದೆ ಸರಿಯಿತು ಎಂದು ಹೇಳಬೇಕಾದರೆ ಐದು ದಿನ ಸತತವಾಗಿ ಮಳೆಯಿಲ್ಲದಿರುವುದು, ಗಾಳಿಯಲ್ಲಿನ ತೇವಾಂಶ ಗಣನೀಯವಾಗಿ ಇಳಿದಿರುವುದು ಮುಂತಾದ ಮಾನದಂಡಗಳಿವೆ. ರಾಜಸ್ಥಾನದ ಪಶ್ಚಿಮ ಭಾಗದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಸುಮಾರಿಗೆ ಆರಂಭವಾಗುವ ಈ ಪ್ರಕ್ರಿಯೆ ಅಕ್ಟೋಬರ್ 15ರ ಹೊತ್ತಿಗೆ ಇಡೀ ದೇಶದಲ್ಲಿ ಪೂರ್ಣಗೊಳ್ಳುವುದು ವಾಡಿಕೆ. ಆದರೆ 15 ಡಿಗ್ರಿ ಉತ್ತರ ಅಕ್ಷಾಂಶದ ಕೆಳಗಿನ ಭಾಗಕ್ಕೆ ಮಾನದಂಡವೇ ಬೇರೆ. ಅಲ್ಲಿ ಅಕ್ಟೋಬರ್ 1ರ ನಂತರ ಗಾಳಿಯ ಒಟ್ಟಾರೆ ಬೀಸು ನೈಋತ್ಯದಿಂದ ಬೇರೆಡೆಗೆ ತಿರುಗಿದೆಯೇ ಎಂಬುದನ್ನು ನೋಡಿ ಘೋಷಣೆ ಮಾಡಲಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಸಮುದ್ರ ತೀರವೆಲ್ಲ ಈ ಗೆರೆಯ ದಕ್ಷಿಣಕ್ಕೇ ಬರುತ್ತದೆ.

ಹಾಗಾಗಿ ಕರಾವಳಿಯ ಮಟ್ಟಿಗೆ ‘ಮುಂಗಾರು ಹಿಂದೆ ಸರಿದಿದೆ’ ಎಂಬ ವಾಕ್ಯ ಗಾಳಿಯ ದಿಕ್ಕು ಬದಲಾದುದನ್ನು ಹೇಳುತ್ತದೆಯೇ ಹೊರತು ಮಳೆ ನಿಂತಿತು ಎಂದು ಹೇಳುವುದಿಲ್ಲ. ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಎಂದು ನವೆಂಬರ್ ನಡುವಿನ ತನಕ ಮಳೆ ನಕ್ಷತ್ರಗಳನ್ನು ಎಣಿಸುತ್ತ ಬಂದ ಕೃಷಿಕರಿಗೆ ಇದು ಹೊಸ ವಿಚಾರವೇನಲ್ಲ. ಸುದ್ದಿಯ ತಲೆಬರಹ ಮಾತ್ರ ಮಳೆಗಾಲಕ್ಕೆ ತೆರೆ ಬಿದ್ದಂತೆ ಸಾರುತ್ತದೆ.

ಗಾಳಿ ತಿರುಗಿದ ಪರಿಣಾಮವಾದರೂ ಸಣ್ಣದಲ್ಲ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಮೇಲಿನಿಂದ ತೇವ ಹೊತ್ತು ಬರುವ ಪಶ್ಚಿಮದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವುದರಿಂದ ಕರಾವಳಿಯಲ್ಲಿ ನಾಲ್ಕು ತಿಂಗಳಿಗೆ ಸುಮಾರು 3,000 ಮಿಲಿಮೀಟರ್ ಮಳೆಯಾಗುತ್ತದೆ. ಅಕ್ಟೋಬರಿನ ನಂತರ ಗಾಳಿ ಬಂಗಾಳ ಕೊಲ್ಲಿಯ ಕಡೆಯಿಂದ ಹೊರಟು, ತಮಿಳುನಾಡು ಮತ್ತು ಆಂಧ್ರದಲ್ಲಿ ಮಳೆ ಸುರಿಸಿ, ಒಳನಾಡನ್ನು ದಾಟಿ, ಘಟ್ಟದಿಂದ ಕೆಳಗಿಳಿದು ನಮ್ಮತ್ತ ಬರುತ್ತದೆ. ಕೆಳಗಿಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಒಣಗಾಳಿ ತಾನಾಗಿ ಮಳೆ ಕೊಡುವುದಿಲ್ಲ. ಮುಂಗಾರಿನಲ್ಲಿ ಮಳೆಗೆ ಎದುರಾಗಿ ನಿಂತಿದ್ದ ಕರಾವಳಿ ಹಿಂಗಾರಿನಲ್ಲಿ ಘಟ್ಟದ ಮರೆಗೆ ಸರಿಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳ ವಾಡಿಕೆ ಮಳೆ ಇಲ್ಲಿ 250 ಮಿಲಿಮೀಟರ್ ಆಸುಪಾಸಿನಲ್ಲಿದ್ದು, ಅದರಲ್ಲಿ ಬಹುಪಾಲು ಅಕ್ಟೋಬರಿನಲ್ಲೇ ಬಿದ್ದು ಮುಗಿಯುತ್ತದೆ.

ಹಿಂಗಾರಿನ ಲೆಕ್ಕದಲ್ಲಿ ಕರಾವಳಿಗೆ ಜಾಗವಿಲ್ಲ

‘ಈ ಬಾರಿ ಹಿಂಗಾರು ವಾಡಿಕೆಗಿಂತ ಹೆಚ್ಚು’ ಅಥವಾ ‘ಕಡಿಮೆ’ ಎಂಬ ಸುದ್ದಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರದಲ್ಲಿ ಬರುತ್ತದೆ. ಇದನ್ನು ಓದುವಾಗ ಒಂದು ವಿವರ ತಪ್ಪಿಹೋಗುತ್ತದೆ. ಹವಾಮಾನ ಇಲಾಖೆ ದೇಶವನ್ನು 36 ಉಪವಿಭಾಗಗಳಾಗಿ ವಿಂಗಡಿಸಿದೆ; ಹಿಂಗಾರಿನ ಋತುಮಾನದ ಮುನ್ಸೂಚನೆ ಅವುಗಳಲ್ಲಿ ಐದಕ್ಕೆ ಮಾತ್ರ ಒಟ್ಟಾಗಿ ಅನ್ವಯಿಸುತ್ತದೆ. ತಮಿಳುನಾಡು-ಪುದುಚೇರಿ, ಕರಾವಳಿ ಆಂಧ್ರ, ರಾಯಲಸೀಮಾ, ಕೇರಳ ಮತ್ತು ದಕ್ಷಿಣ ಒಳನಾಡು ಕರ್ನಾಟಕ ಆ ಐದು. ಕರಾವಳಿ ಕರ್ನಾಟಕ ಆ ಪಟ್ಟಿಯಲ್ಲಿಲ್ಲ.

ಇದರಲ್ಲಿ ಅನ್ಯಾಯವೇನೂ ಇಲ್ಲ, ನಮ್ಮ ವಾರ್ಷಿಕ ಮಳೆಯಲ್ಲಿ ಈ ಮೂರು ತಿಂಗಳ ಪಾಲು ಅಷ್ಟು ಚಿಕ್ಕದು. ಆದರೆ ಚೆನ್ನೈಗೂ ತುಮಕೂರಿಗೂ ಹೇಳಿದ ಮಾತನ್ನು ಕುಂದಾಪುರದವರು ತಮಗೆ ಹೇಳಿದ್ದೆಂದು ತಿಳಿದರೆ ಲೆಕ್ಕ ತಪ್ಪುವುದು ಖಚಿತ. ಹಿಂಗಾರು ಪ್ರಬಲವಾಗಿರುವ ವರ್ಷ ಕರಾವಳಿಯಲ್ಲಿ ಮೂಡಣ ಗಾಳಿ ಜೋರಾಗಿ ಬೀಸಿ, ಮುಂಜಾನೆ ಚಳಿ, ಹಗಲು ಒಣಹವೆ ಇರುವುದೂ ಸಾಧ್ಯ. ಹಿಂಗಾರು ದುರ್ಬಲವಾಗಿರುವ ವರ್ಷ ಅರಬ್ಬಿ ಸಮುದ್ರದ ಒಂದೇ ಒಂದು ವಾಯುಭಾರ ಕುಸಿತ ನಾಲ್ಕೇ ದಿನಗಳಲ್ಲಿ ಇಲ್ಲಿನ ತಿಂಗಳ ವಾಡಿಕೆಯನ್ನು ಮೀರಿಸುವುದೂ ಸಾಧ್ಯ.

ವಾರದ ಮಳೆ ವರದಿಗಳ ಶೇಕಡಾವಾರು ಅಂಕಿಗಳನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ವಾರವೊಂದರ ವಾಡಿಕೆ ಮಳೆ 10 ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಂದು ಸಂಜೆಯ 40 ಮಿಲಿಮೀಟರ್ ಮಳೆಯಿಂದಲೇ ‘ಶೇ 300ರಷ್ಟು ಅಧಿಕ’ ಎಂಬ ಸುದ್ದಿಯಾಗುತ್ತದೆ. ಜುಲೈಯಲ್ಲಿ ಅಷ್ಟೇ ಮಳೆ ಯಾರ ಗಮನಕ್ಕೂ ಬರುವುದಿಲ್ಲ.

ಮೂರು ಕಡೆಯಿಂದ ಬರುವ ಮಳೆ

ಒಣಗಾಳಿಯ ಕಾಲದಲ್ಲೂ ಮಳೆ ಬರುವುದು ಹೇಗೆ? ಅದಕ್ಕೆ ಮೂರು ದಾರಿಗಳಿವೆ, ಮತ್ತು ಒಂದೊಂದನ್ನು ಮುಂದಾಗಿ ತಿಳಿಯುವ ಸಾಧ್ಯತೆ ಒಂದೊಂದು ಮಟ್ಟದ್ದು.

ಮೊದಲನೆಯದು ಸಂಜೆಯ ಗುಡುಗು ಮಳೆ. ಮುಂಗಾರಿನ ಮೋಡ ಚದುರಿದ ಮೇಲೆ ಅಕ್ಟೋಬರಿನ ಬಿಸಿಲು ನೇರವಾಗಿ ನೆಲಕ್ಕೆ ತಾಗುತ್ತದೆ. ನೆಲದಲ್ಲಿ ನಾಲ್ಕು ತಿಂಗಳ ನೀರು ಇನ್ನೂ ಇರುವುದರಿಂದ ಗಾಳಿಗೆ ಬೇಕಾದಷ್ಟು ತೇವ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಒಳನಾಡಿನತ್ತ ಬೀಸಲು ಆರಂಭಿಸಿ ಘಟ್ಟದ ಬುಡದವರೆಗೂ ಸಾಗುತ್ತದೆ. ಘಟ್ಟದ ಮೇಲಿನಿಂದ ಬರುವ ಮೂಡಣ ಗಾಳಿ ಅದಕ್ಕೆ ಎದುರಾಗುತ್ತದೆ. ಎರಡು ಗಾಳಿಗಳು ಸಂಧಿಸಿದಲ್ಲಿ ಬಿಸಿಗಾಳಿಗೆ ಮೇಲೇರುವುದೊಂದೇ ದಾರಿ. ಒಂದೆರಡು ತಾಸಿನಲ್ಲಿ ಕಡುಗಪ್ಪು ಮೋಡ ಎದ್ದು ನಿಲ್ಲುತ್ತದೆ. ಮೇಲ್ಮಟ್ಟದ ಮೂಡಣ ಗಾಳಿ ಈ ಮೋಡವನ್ನು ಪಡುವಣಕ್ಕೆ, ಅಂದರೆ ಸಮುದ್ರದ ಕಡೆಗೆ, ತಳ್ಳುತ್ತದೆ. ಸುಳ್ಯ, ಬೆಳ್ತಂಗಡಿ, ಕಾರ್ಕಳ, ಸಿದ್ದಾಪುರದ ಕಡೆ ಮಧ್ಯಾಹ್ನದ ನಂತರ ಗುಡುಗು ಆರಂಭವಾಗಿ, ಕತ್ತಲಾಗುವ ವೇಳೆಗೆ ಮಂಗಳೂರು, ಉಡುಪಿಯ ಕಡೆ ಮಿಂಚು ಕಾಣಿಸಿಕೊಳ್ಳುವುದು ಈ ಕಾರಣದಿಂದ. ಎಷ್ಟೋ ಬಾರಿ ಮೋಡ ಅಲ್ಲಿಗೆ ತಲುಪುವ ಮೊದಲೇ ಬರಿದಾಗಿರುತ್ತದೆ; ಸುಬ್ರಹ್ಮಣ್ಯದಲ್ಲಿ ಹೊಳೆ ಏರಿದ ದಿನ ಪಣಂಬೂರಿನಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ.

ಇಂಥ ಒಂದು ಮೋಡ ಕೆಲವೇ ಕಿಲೋಮೀಟರ್ ಅಗಲದ್ದು, ಅದರ ಆಯುಸ್ಸು ಒಂದೆರಡು ಗಂಟೆಯದು. ಭಾರತವು 2025ರ ಮೇ 26ರಂದು ಬಳಕೆಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಎಂಬ ಮುನ್ಸೂಚನಾ ಮಾದರಿ ದೇಶವನ್ನು 6 ಕಿಲೋಮೀಟರ್ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಹಿಂದಿನ ಮಾದರಿಯ ಚೌಕ 12 ಕಿಲೋಮೀಟರಿನದಾಗಿತ್ತು. ಇದು ದೊಡ್ಡ ಸುಧಾರಣೆಯೇ. ಆದರೂ ಒಂದು ಚೌಕದೊಳಗೇ ಹುಟ್ಟಿ ಅಲ್ಲಿಯೇ ಕರಗುವ ಮೋಡ ನಾಳೆ ಯಾವ ಗ್ರಾಮದ ಮೇಲೆ ಏಳುತ್ತದೆ ಎಂದು ಹಿಂದಿನ ದಿನ ಹೇಳಲು ಯಾವ ಮಾದರಿಗೂ ಆಗದು. ನಾಳೆ ಸಂಜೆ ಗುಡುಗು ಮಳೆಗೆ ಅನುಕೂಲಕರ ವಾತಾವರಣವಿದೆ ಎನ್ನುವುದಷ್ಟೇ ಸಾಧ್ಯ. ಉಳಿದದ್ದು ಮೋಡ ಎದ್ದ ಮೇಲೆ ರೇಡಾರ್ ಮತ್ತು ಉಪಗ್ರಹ ಚಿತ್ರ ನೋಡಿ ಮುಂದಿನ ಮೂರು ಗಂಟೆಗೆ ಕೊಡುವ ತತ್‌ಕ್ಷಣದ ಸೂಚನೆಯ ಕೆಲಸ.

ಎರಡನೆಯದು ಅರಬ್ಬಿ ಸಮುದ್ರದ ಕಡಿಮೆ ಒತ್ತಡದ ಪ್ರದೇಶಗಳು. ಲಕ್ಷದ್ವೀಪದ ಆಸುಪಾಸಿನಲ್ಲಿ ಹುಟ್ಟುವ ಇವು ಬಲಗೊಂಡರೆ ಕರಾವಳಿಯ ಗಾಳಿಯ ದಿಕ್ಕೇ ಮತ್ತೆ ಪಶ್ಚಿಮಕ್ಕೆ ತಿರುಗಿ, ಕೆಲವು ದಿನ ಜೂನ್ ತಿಂಗಳೇ ಮರಳಿದಂತಾಗುತ್ತದೆ. 2019ರ ಅಕ್ಟೋಬರ್ ಕೊನೆಯ ಕ್ಯಾರ್ ಚಂಡಮಾರುತ ಇದಕ್ಕೆ ಸ್ಪಷ್ಟ ಉದಾಹರಣೆ. ಮಹಾರಾಷ್ಟ್ರ ಕರಾವಳಿಯತ್ತ ಬಂದಂತೆ ಮಾಡಿ, ಅನಂತರ ಪಶ್ಚಿಮಕ್ಕೆ ತಿರುಗಿ, ಸೂಪರ್ ಸೈಕ್ಲೋನ್ ಮಟ್ಟಕ್ಕೇರಿ ಅರೇಬಿಯಾದ ಕಡೆಗೆ ಹೋದ ಈ ಚಂಡಮಾರುತ ಕರ್ನಾಟಕದ ನೆಲಕ್ಕೆ ಕಾಲಿಡಲೇ ಇಲ್ಲ. ಆದರೂ ಮೂರೂ ಜಿಲ್ಲೆಗಳಲ್ಲಿ ಭಾರಿ ಗಾಳಿ-ಮಳೆಯಾಯಿತು. ಹೊರರಾಜ್ಯಗಳ ಬೋಟುಗಳೂ ಸೇರಿದಂತೆ ನೂರಾರು ಮೀನುಗಾರಿಕಾ ದೋಣಿಗಳು ಕಾರವಾರದಲ್ಲಿ ಆಶ್ರಯ ಪಡೆದವು. ‘ಚಂಡಮಾರುತ ದೂರ ಹೋಗಿದೆ’ ಎಂಬುದಕ್ಕೂ ‘ನಮಗೆ ಅಪಾಯವಿಲ್ಲ’ ಎಂಬುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಆ ವಾರ ತೋರಿಸಿತು. ಇಂಥ ವ್ಯವಸ್ಥೆಗಳು ನೂರಾರು ಕಿಲೋಮೀಟರ್ ಅಗಲವಿರುವುದರಿಂದ ಮೂರ್ನಾಲ್ಕು ದಿನ ಮೊದಲೇ ಸುಳಿವು ಸಿಗುತ್ತದೆ. ದಾರಿ ಬದಲಿಸುವುದರಲ್ಲಿ ಮಾತ್ರ ಇವು ಹಠಮಾರಿಗಳು.

ಮೂರನೆಯದು ಬಂಗಾಳ ಕೊಲ್ಲಿಯಿಂದ ದಾಟಿ ಬರುವ ಅವಶೇಷಗಳು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ಭೂಸ್ಪರ್ಶ ಮಾಡಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡು, ಒಳನಾಡನ್ನು ದಾಟಿ ಅರಬ್ಬಿ ಸಮುದ್ರದತ್ತ ಸಾಗುವಾಗ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಜೋರು ಮಳೆ ಸುರಿಸಿತು. ಡಿಸೆಂಬರ್ 3ರಂದು ಈ ಜಿಲ್ಲೆಗಳ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಪೂರ್ವ ಕರಾವಳಿಯ ಚಂಡಮಾರುತಕ್ಕೂ ಮಂಗಳೂರಿನ ಶಾಲೆಗೂ ಏನು ಸಂಬಂಧ ಎಂದು ಅಂದು ಕೇಳಿದವರು ಹಲವರು. ನೆಲದ ಮೇಲೆ ಬಲ ಕಳೆದುಕೊಂಡ ಸುಳಿ ಮತ್ತೆ ಸಮುದ್ರವನ್ನು ಸಮೀಪಿಸಿದಾಗ ಅದಕ್ಕೆ ಅಲ್ಲಿಂದ ಹೊಸದಾಗಿ ತೇವ ಸಿಗುತ್ತದೆ ಎಂಬುದೇ ಉತ್ತರ.

ಹಳದಿ ಬಣ್ಣ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್‌ವರೆಗಿನ ಮಳೆ ‘ಭಾರಿ’, 115.6ರಿಂದ 204.4ರವರೆಗಿನದು ‘ಅತಿ ಭಾರಿ’, ಅದಕ್ಕೂ ಮೇಲಿನದು ‘ಅತ್ಯಂತ ಭಾರಿ’ ಮಳೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ಕ್ಕಿಂತ ಹೆಚ್ಚಿಲ್ಲದಷ್ಟು ಕಡೆ. ‘ಒಂದೆರಡು ಕಡೆ ಭಾರಿ ಮಳೆ’ ಎಂಬ ಮುನ್ಸೂಚನೆ ಇದ್ದ ದಿನ ನೂರು ಕೇಂದ್ರಗಳ ಪೈಕಿ ಹತ್ತರಲ್ಲಿ ಭಾರಿ ಮಳೆಯಾಗಿ ತೊಂಬತ್ತರಲ್ಲಿ ಆಗದಿದ್ದರೂ ಇಲಾಖೆಯ ಲೆಕ್ಕದಲ್ಲಿ ಮುನ್ಸೂಚನೆ ನಿಜವಾಗಿದೆ. ತೊಂಬತ್ತು ಊರುಗಳ ಜನರ ಲೆಕ್ಕದಲ್ಲಿ ಅದು ಸುಳ್ಳು. ಇಬ್ಬರೂ ತಪ್ಪು ಹೇಳುತ್ತಿಲ್ಲ.

ಬಣ್ಣಗಳೂ ಮಳೆಯ ಅಳತೆಯನ್ನೇ ನೇರವಾಗಿ ಹೇಳುವುದಿಲ್ಲ. ಹಸಿರಿಗೆ ಎಚ್ಚರಿಕೆಯಿಲ್ಲ, ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಘಟನೆ ನಡೆಯುವ ಸಂಭವ ಎಷ್ಟು ಮತ್ತು ನಡೆದರೆ ಆಗುವ ಹಾನಿ ಎಷ್ಟು ಎಂಬ ಎರಡನ್ನೂ ಕೂಡಿಸಿ ಬಣ್ಣ ನಿರ್ಧಾರವಾಗುತ್ತದೆ. ಆದರೆ ಆ ಬಣ್ಣವನ್ನು ಬಳಿಯುವುದು ಇಡೀ ಜಿಲ್ಲೆಗೆ. ಉತ್ತರ ಕನ್ನಡವನ್ನೇ ನೋಡಿದರೆ ಕಾರವಾರ, ಕುಮಟಾ, ಭಟ್ಕಳ ಸಮುದ್ರದ ದಂಡೆಯಲ್ಲಿವೆ, ಶಿರಸಿ, ಯಲ್ಲಾಪುರ ಘಟ್ಟದ ಮೇಲಿವೆ, ಮುಂಡಗೋಡ, ಹಳಿಯಾಳ ಬಯಲುಸೀಮೆಗೆ ತಾಗಿಕೊಂಡಿವೆ. ಮೂರಕ್ಕೂ ಮೂರು ಬಗೆಯ ಹವೆ. ನಕ್ಷೆಯಲ್ಲಿ ಒಂದೇ ಬಣ್ಣ.

ಜುಲೈಯಲ್ಲಿ ಇದರಿಂದ ಅಷ್ಟೇನೂ ತೊಂದರೆಯಾಗುವುದಿಲ್ಲ, ಏಕೆಂದರೆ ಆಗ ಮಳೆ ಜಿಲ್ಲೆಯಾದ್ಯಂತ, ದಿನವಿಡೀ ಸುರಿಯುತ್ತದೆ. ಆ ಮಳೆಯ ಮೈಗೆ ಹೊಲಿದ ಅಂಗಿಯನ್ನೇ ಅಕ್ಟೋಬರಿನ ಮಳೆಗೂ ತೊಡಿಸಿರುವುದರಲ್ಲಿ ತೊಡಕಿದೆ. 24 ಗಂಟೆಗಳಲ್ಲಿ ಹಂಚಿ ಸುರಿಯುವ 70 ಮಿಲಿಮೀಟರ್ ಮಳೆಯನ್ನು ಕರಾವಳಿಯ ಚರಂಡಿ, ತೋಡು, ಹೊಳೆಗಳು ಸಲೀಸಾಗಿ ಹೊರುತ್ತವೆ. ಅದೇ 70 ಮಿಲಿಮೀಟರ್ ಒಂದೂವರೆ ಗಂಟೆಯಲ್ಲಿ ಸುರಿದರೆ ಮಂಗಳೂರಿನ ಕೊಟ್ಟಾರ ಚೌಕಿಯಂಥ ತಗ್ಗಿನಲ್ಲಿ ರಸ್ತೆ ಕೆರೆಯಾಗುತ್ತದೆ. ಎರಡೂ ದಿನಗಳ ಬಣ್ಣ ಹಳದಿಯೇ. ಅಲ್ಲದೆ ಜುಲೈಯಲ್ಲಿ ಅಪರೂಪವಾಗಿರುವ ಸಿಡಿಲು ಅಕ್ಟೋಬರಿನಲ್ಲಿ ಮಳೆಗಿಂತ ದೊಡ್ಡ ಅಪಾಯ. ಮಳೆಯ ಬಣ್ಣವನ್ನೇ ನೋಡುವ ಓದುಗ ಸಿಡಿಲಿನ ಸಾಲನ್ನು ಓದದೆ ಬಿಡುತ್ತಾನೆ, ಗದ್ದೆಯಲ್ಲಿ ಕೊಯ್ಲಿನ ಜನ ಇರುವುದೂ ಇದೇ ತಿಂಗಳು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ (ಐಐಟಿಎಂ) ರೂಪಿಸಿರುವ ದಾಮಿನಿ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆಯನ್ನು ಕೊಡುತ್ತದೆ. ಈ ಋತುವಿನಲ್ಲಿ ಬಣ್ಣದ ನಕ್ಷೆಗಿಂತ ಅದು ಹೆಚ್ಚು ಉಪಯುಕ್ತ ಎಂದರೆ ಉತ್ಪ್ರೇಕ್ಷೆಯಲ್ಲ.

ಇನ್ನೊಂದು ಸಣ್ಣ ವಿವರ ದೊಡ್ಡ ಗೊಂದಲಕ್ಕೆ ಕಾರಣವಾಗಿದೆ. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಂಗಳವಾರಕ್ಕೆ ಕೊಟ್ಟ ಎಚ್ಚರಿಕೆಯ ಅವಧಿ ಬುಧವಾರ ಬೆಳಗಿನ ತನಕ ಇರುತ್ತದೆ. ಸಂಜೆಯ ಗುಡುಗು ಮಳೆಯ ಕಾಲದಲ್ಲಿ ಇದರ ಪರಿಣಾಮ ವಿಚಿತ್ರವಾಗಿರುತ್ತದೆ: ಮಂಗಳವಾರ ಶಾಲೆಗೆ ರಜೆ ಕೊಟ್ಟರೆ ಹಗಲಿಡೀ ಬಿಸಿಲಿದ್ದು ಮಕ್ಕಳು ಅಂಗಳದಲ್ಲಿ ಆಡುತ್ತಾರೆ, ರಾತ್ರಿ ಎಂಟಕ್ಕೆ ಮಳೆ ಬರುತ್ತದೆ, ಆ ಮಳೆಯ ಅಳತೆ ಬುಧವಾರದ ವರದಿಯಲ್ಲಿ ದಾಖಲಾಗುತ್ತದೆ. ಓದಿದವರಿಗೆ ಮುನ್ಸೂಚನೆ ಒಂದು ದಿನ ತಡವಾಯಿತು ಎನಿಸುತ್ತದೆ.

ಗಾಳಿಯ ಎಚ್ಚರಿಕೆ ಮತ್ತು ಬಂದರಿನ ಲೆಕ್ಕಾಚಾರ

ಮೀನುಗಾರರಿಗೆ ಮಳೆ ಮುಖ್ಯವಲ್ಲ, ಗಾಳಿ ಮುಖ್ಯ. ‘ಗಂಟೆಗೆ 35ರಿಂದ 45 ಕಿ.ಮೀ. ವೇಗದ, ಆಗಾಗ 55 ಕಿ.ಮೀ. ಮುಟ್ಟುವ ಬಿರುಗಾಳಿ’ ಎಂಬುದು ಈ ತಿಂಗಳುಗಳಲ್ಲಿ ಪದೇಪದೇ ಬರುವ ಎಚ್ಚರಿಕೆ. ಮೊದಲಿನ ಅಂಕಿ ಸತತವಾಗಿ ಬೀಸುವ ಗಾಳಿಯದು, ಎರಡನೆಯದು ನಡುನಡುವೆ ನುಗ್ಗುವ ಬೀಸಿನದು. ಗಾಳಿಯ ವೇಗ 31 ಕಿ.ಮೀ. ಮುಟ್ಟಿದರೆ ಕಡಿಮೆ ಒತ್ತಡದ ಪ್ರದೇಶ ವಾಯುಭಾರ ಕುಸಿತವಾಗುತ್ತದೆ, 50 ಮುಟ್ಟಿದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಚಂಡಮಾರುತ ಎಂಬ ಹೆಸರು ಬರುವ ಎಷ್ಟೋ ಮೊದಲೇ ನಾಡದೋಣಿಗೆ ಸಮುದ್ರ ಅಪಾಯಕಾರಿಯಾಗಿರುತ್ತದೆ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿದೆ. ಆಗಸ್ಟಿನಲ್ಲಿ ಕಡಲಿಗಿಳಿಯುವ ಬೋಟುಗಳಿಗೆ ಅಕ್ಟೋಬರ್, ನವೆಂಬರ್ ಎಂದರೆ ಬಂಗುಡೆ, ಬೂತಾಯಿ, ಬೊಂಡಾಸಿನ ಸಂಪಾದನೆಯ ತಿಂಗಳುಗಳು. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಯಿಂದ ಹೊರಡುವ ಆಳಸಮುದ್ರದ ಟ್ರಾಲ್ ಬೋಟುಗಳು ಒಮ್ಮೆ ಹೋದರೆ ವಾರ, ಹತ್ತು ದಿನ ಮರಳುವುದಿಲ್ಲ. ಡೀಸೆಲ್, ಐಸ್, ರೇಷನ್ ತುಂಬಿಸಿಕೊಂಡು ಹೊರಟ ಬೋಟು ಅರ್ಧಕ್ಕೆ ಹಿಂತಿರುಗಿದರೆ ಆ ಖರ್ಚು ಪೂರ್ತಿ ನಷ್ಟ. ಕೂಲಿ ಮೀನಿನ ಪಾಲಿನಲ್ಲಿರುವುದರಿಂದ ಬೋಟಿನ ಕೆಲಸಗಾರರಿಗೂ ಕೈ ಬರಿದು. ದಡದಿಂದ 200 ಕಿಲೋಮೀಟರ್ ದೂರದಲ್ಲಿರುವ ಬೋಟು ಗಂಟೆಗೆ 15 ಕಿಲೋಮೀಟರಿನಂತೆ ಸಾಗಿದರೂ ಬಂದರು ತಲುಪಲು ಹದಿಮೂರು ಗಂಟೆಗೂ ಹೆಚ್ಚು ಬೇಕು. ಅಂದರೆ ಆರು ಗಂಟೆ ಮೊದಲು ಸಿಕ್ಕ ಎಚ್ಚರಿಕೆಯಿಂದ ಅವರಿಗೆ ಪ್ರಯೋಜನವಿಲ್ಲ.

2017ರ ಓಖಿ ಚಂಡಮಾರುತ ಈ ಅಂತರದ ಬೆಲೆಯನ್ನು ತೋರಿಸಿತು. ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದದ್ದು ಮರುದಿನ ಬೆಳಗಾಗುವಷ್ಟರಲ್ಲಿ ಚಂಡಮಾರುತವಾಗಿತ್ತು. ಕೇರಳ ಮತ್ತು ಕನ್ಯಾಕುಮಾರಿಯ ಮೀನುಗಾರರು ಆ ಮೊದಲೇ ಕಡಲಿನಲ್ಲಿದ್ದರು, ಬಹಳ ಮಂದಿ ಮರಳಲಿಲ್ಲ. ಮೊಬೈಲ್ ಸಿಗ್ನಲ್ ದಡದಿಂದ ಬಹುದೂರ ಹೋಗುವುದಿಲ್ಲವಾದ್ದರಿಂದ ಎಚ್ಚರಿಕೆ ದಡಕ್ಕೆ ತಲುಪಿದರೂ ಬೋಟಿಗೆ ತಲುಪಿರಲಿಲ್ಲ. ಉಪಗ್ರಹದ ಮೂಲಕ ನೇರವಾಗಿ ಬೋಟಿಗೇ ಸೂಚನೆ ಮುಟ್ಟಿಸುವ ಜೆಮಿನಿ ಎಂಬ ಸಾಧನವನ್ನು 2019ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ್ದು ಇದೇ ಕೊರತೆಯನ್ನು ನೀಗಿಸಲು. ಹವಾಮಾನ ಇಲಾಖೆಯ ಕರಾವಳಿ ಬುಲೆಟಿನ್ ದಡದಿಂದ 75 ಕಿಲೋಮೀಟರ್‌ವರೆಗಿನ ನೀರಿಗೆ ಸಂಬಂಧಿಸಿದ್ದು, ಅದರಾಚೆಗೆ ಬೇರೆ ಬುಲೆಟಿನ್ ಇದೆ; ಅಲೆಗಳ ಎತ್ತರದ ಸೂಚನೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ ಬರುತ್ತದೆ. ಸುದ್ದಿಯಲ್ಲಿ ಮೂರೂ ಬೆರೆತು ‘ಮೀನುಗಾರರು ಕಡಲಿಗಿಳಿಯಬಾರದು’ ಎಂಬ ಒಂದೇ ವಾಕ್ಯವಾಗುತ್ತದೆ.

ಹೆಚ್ಚು ಎಚ್ಚರಿಸುವುದು ಸರಿಯೇ?

ಇಲ್ಲಿ ಅಭಿಪ್ರಾಯಗಳು ಒಡೆಯುತ್ತವೆ. ಎಚ್ಚರಿಕೆ ಕೊಟ್ಟು ಏನೂ ಆಗದಿದ್ದರೆ ನಷ್ಟ ಒಂದು ದಿನದ್ದು, ಕೊಡದೆ ಅನಾಹುತವಾದರೆ ಜೀವ ಹೋಗುತ್ತದೆ, ಆದ್ದರಿಂದ ಅನುಮಾನವಿದ್ದಾಗ ಎಚ್ಚರಿಸುವುದೇ ಸರಿ ಎಂಬುದು ಹವಾಮಾನ ತಜ್ಞರ ಮತ್ತು ಜಿಲ್ಲಾಡಳಿತಗಳ ನಿಲುವು. ಓಖಿಯ ನಂತರ ಈ ನಿಲುವಿಗೆ ಬಲ ಬಂದಿದೆ. ಪ್ರತಿ ವಾರ ಹಳದಿ ನೋಡಿದವರು ಕಿತ್ತಳೆಯನ್ನೂ ಲೆಕ್ಕಿಸದಂತಾಗುತ್ತಾರೆ ಎಂಬುದು ಇನ್ನೊಂದು ವಾದ. ಮೀನುಗಾರರ ಬೇಡಿಕೆ ಇನ್ನೂ ನಿರ್ದಿಷ್ಟವಾದದ್ದು: ಸುಮಾರು 320 ಕಿಲೋಮೀಟರಿನ ಇಡೀ ಕರಾವಳಿಗೆ ಒಂದೇ ನಿರ್ಬಂಧ ಬೇಡ, ಕಾರವಾರದ ಕಡೆ ಗಾಳಿಯಿದ್ದು ಮಂಗಳೂರಿನ ಕಡೆ ಇಲ್ಲದಿದ್ದರೆ ಹಾಗೆಂದು ಹೇಳಿ ಎಂಬುದು.

ಎರಡೂ ವಾದಗಳನ್ನು ಎಲ್ಲ ಮಳೆಗೂ ಒಂದೇ ತೆರನಾಗಿ ಅನ್ವಯಿಸುವುದರಿಂದ ಚರ್ಚೆ ಮುಂದೆ ಸಾಗುತ್ತಿಲ್ಲ. ಸಮುದ್ರದಲ್ಲಿ ವಾಯುಭಾರ ಕುಸಿತವಿದ್ದಾಗ ವಿಸ್ತಾರವಾದ ಎಚ್ಚರಿಕೆ ನ್ಯಾಯವೇ, ಏಕೆಂದರೆ ಅದರ ಪ್ರಭಾವವೂ ವಿಸ್ತಾರವಾದದ್ದು, ಅದರ ದಾರಿ ಅನಿಶ್ಚಿತ. ಸಂಜೆಯ ಗುಡುಗು ಮಳೆಗೆ ಇಡೀ ಜಿಲ್ಲೆಗೆ ಇಡೀ ದಿನದ ಬಣ್ಣ ಬಳಿಯುವುದರಿಂದ ಯಾರಿಗೂ ಉಪಯೋಗವಿಲ್ಲ. ಅಲ್ಲಿ ಬೇಕಿರುವುದು ತಾಲ್ಲೂಕು ಮತ್ತು ಗಂಟೆಯ ಮಾಹಿತಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳನ್ನು ಅಳವಡಿಸಿರುವ ರಾಜ್ಯ ನಮ್ಮದು. ಬಿದ್ದ ಮಳೆಯನ್ನು ಹೋಬಳಿವಾರು ಹೇಳುವ ಸಾಮರ್ಥ್ಯ ಇರುವಾಗ, ಶಾಲೆಯ ರಜೆಯನ್ನು ತಾಲ್ಲೂಕುವಾರು ನಿರ್ಧರಿಸುವ ಪದ್ಧತಿಯೂ ಇರುವಾಗ, ಎಚ್ಚರಿಕೆಯೊಂದೇ ಜಿಲ್ಲೆಯ ಗಡಿಗೆ ಅಂಟಿಕೊಂಡಿರಬೇಕಾಗಿಲ್ಲ.

ಅರಬ್ಬಿ ಸಮುದ್ರ ಬದಲಾಗಿದೆಯೇ?

ಅಕ್ಟೋಬರಿನಲ್ಲಿ ಮಳೆ ಬಂದರೆ ಸಾಕು, ಹವಾಮಾನ ಬದಲಾವಣೆ ಎನ್ನುವುದು ರೂಢಿಯಾಗಿದೆ. ಸಂಜೆಯ ಗುಡುಗು ಮಳೆಗೆ ಆ ಹೆಸರು ಬೇಕಿಲ್ಲ, ಅದು ಹಳೆಯ ಅತಿಥಿ. ಚಂಡಮಾರುತಗಳ ವಿಚಾರ ಬೇರೆ. 2001ರಿಂದ 2019ರ ಅವಧಿಯನ್ನು ಅದಕ್ಕೂ ಹಿಂದಿನ ಎರಡು ದಶಕಗಳಿಗೆ ಹೋಲಿಸಿದ ಭಾರತೀಯ ವಿಜ್ಞಾನಿಗಳ ಅಧ್ಯಯನವೊಂದು ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಏರಿದೆ, ಬಂಗಾಳ ಕೊಲ್ಲಿಯಲ್ಲಿ ಶೇ 8ರಷ್ಟು ಇಳಿದಿದೆ ಎಂದು ಹೇಳಿತು. 2019 ಒಂದರಲ್ಲೇ ಅರಬ್ಬಿ ಸಮುದ್ರದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳೆದ್ದವು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ವಿಪರೀತ ಬಿಸಿಯಾಗಿದ್ದುದೂ ಅದಕ್ಕೆ ಕಾರಣವಾಗಿತ್ತು. ಅಂಥ ಏರಿಳಿತ ಎಲ್ಲ ವರ್ಷವೂ ಇರುವುದಿಲ್ಲ. ಉಪಗ್ರಹದ ಮೂಲಕ ಸಿಕ್ಕಿರುವ ದಾಖಲೆಯ ಅವಧಿ ಚಿಕ್ಕದಾದ್ದರಿಂದ ಈ ಏರಿಕೆಯಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು ಎಂದು ಹೇಳುವಾಗ ವಿಜ್ಞಾನಿಗಳು ಎಚ್ಚರ ವಹಿಸುತ್ತಾರೆ. ಸಮುದ್ರದ ಮೇಲ್ಮೈ ಬಿಸಿಯಾಗುತ್ತಿರುವುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಗದ್ದೆ, ತೋಟ, ಕಿಂಡಿ ಅಣೆಕಟ್ಟು

ಈ ಮಳೆಯ ಪ್ರಮಾಣ ಚಿಕ್ಕದಾದರೂ ಬರುವ ಹೊತ್ತು ಸೂಕ್ಷ್ಮವಾದದ್ದು. ಎಣೆಲು ಬೆಳೆಯ, ಅಂದರೆ ಮುಂಗಾರಿನಲ್ಲಿ ನಾಟಿ ಮಾಡಿದ, ಭತ್ತ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲೇ. ಬಿರುಗಾಳಿಗೆ ಮಲಗಿದ ಪೈರು ಎರಡು ದಿನ ನೀರಿನಲ್ಲಿದ್ದರೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಗದ್ದೆ ಹಸಿಯಾಗಿದ್ದರೆ ಕಟಾವು ಯಂತ್ರ ಹೂತುಹೋಗುತ್ತದೆ, ಗಂಟೆಯ ಬಾಡಿಗೆ ಏರುತ್ತದೆ, ಬೈಹುಲ್ಲು ಕೊಳೆಯುತ್ತದೆ. ಬೆಂಬಲ ಬೆಲೆಗೆ ಕೊಡಬೇಕಾದರೆ ಭತ್ತದ ತೇವಾಂಶ ಶೇ 17 ಮೀರಬಾರದು. ಮೋಡ ಕವಿದ ವಾರದಲ್ಲಿ ಅಂಗಳದ ಬಿಸಿಲನ್ನು ನಂಬಿ ಅದನ್ನು ಸಾಧಿಸುವುದು ಕಷ್ಟ. ಅಡಿಕೆ ತೋಟದಲ್ಲಿ ಕೊಳೆರೋಗ ತಡೆಯಲು ಸಿಂಪಡಿಸಿದ ಬೋರ್ಡೊ ದ್ರಾವಣದ ಪ್ರಭಾವ ಕುಗ್ಗಿದ ಮೇಲೂ ಮಳೆ ಮುಂದುವರಿದರೆ ಆ ರೋಗ ಮರುಕಳಿಸುತ್ತದೆ, ಮೊದಲ ಕೊಯ್ಲಿನ ಅಡಿಕೆ ಸರಿಯಾಗಿ ಒಣಗದೆ ಬೂಷ್ಟು ಹಿಡಿದು, ಕೆಳದರ್ಜೆಯ ಅಡಿಕೆಯಾದ ಕರಿಗೋಟಿನ ದರಕ್ಕೆ ಇಳಿಯುತ್ತದೆ. ಕೃಷಿಕರಿಗೆ ಬೇಕಿರುವುದು ಭಾರಿ ಮಳೆಯ ಎಚ್ಚರಿಕೆಗಿಂತ ಹೆಚ್ಚಾಗಿ ಮುಂದಿನ ಐದು ದಿನ ಬಿಸಿಲಿದೆಯೇ ಎಂಬ ಮಾತು. ಬ್ರಹ್ಮಾವರದ ಕೃಷಿ ಹವಾಮಾನ ಘಟಕದ ಸಲಹೆಗಳು ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಇಂಥ ಮಾಹಿತಿ ಕೊಡುತ್ತವೆಯಾದರೂ ಅಲರ್ಟಿನಷ್ಟು ಅವು ಸುದ್ದಿಯಾಗುವುದಿಲ್ಲ.

ಲಾಭವೂ ಇದೆ. ಅಕ್ಟೋಬರ್, ನವೆಂಬರಿನಲ್ಲಿ ನಾಲ್ಕಾರು ಒಳ್ಳೆಯ ಮಳೆ ಬಿದ್ದ ವರ್ಷ ಹೊಳೆಗಳ ಹರಿವು ಹೆಚ್ಚು ದಿನ ಉಳಿದು, ತೋಟಕ್ಕೆ ನೀರು ಬಿಡುವ ಕೆಲಸ ಕೆಲವು ವಾರ ಮುಂದೆ ಹೋಗುತ್ತದೆ, ಬೇಸಿಗೆಯಲ್ಲಿ ಮಂಗಳೂರಿಗೆ ನೀರುಣಿಸುವ ತುಂಬೆ ಅಣೆಕಟ್ಟಿನ ಮೇಲಿನ ಒತ್ತಡವೂ ತಗ್ಗುತ್ತದೆ. ಆದರೆ ಆ ನೀರನ್ನು ಹಿಡಿದಿಡುವುದು ಕಿಂಡಿ ಅಣೆಕಟ್ಟುಗಳಿಗೆ ಯಾವಾಗ ಹಲಗೆ ಹಾಕುತ್ತಾರೆ ಎಂಬುದನ್ನು ಅವಲಂಬಿಸಿದೆ. ಬೇಗ ಹಾಕಿದರೆ ನವೆಂಬರ್ ಕೊನೆಯ ಒಂದು ವಾಯುಭಾರ ಕುಸಿತಕ್ಕೆ ಹೊಳೆ ಏರಿ ಹಲಗೆ ಕೊಚ್ಚಿಹೋಗುತ್ತದೆ, ಅಕ್ಕಪಕ್ಕದ ಗದ್ದೆಗೆ ನೀರು ನುಗ್ಗುತ್ತದೆ. ತಡವಾಗಿ ಹಾಕಿದರೆ ಹಿಡಿಯಬೇಕಾದ ನೀರು ಆಗಲೇ ಸಮುದ್ರ ಸೇರಿರುತ್ತದೆ. ಎರಡರಿಂದ ನಾಲ್ಕು ವಾರಗಳ ಮುಂಗಡ ನೋಟ ಬೇಕಾದ ತೀರ್ಮಾನ ಇದು. ಹವಾಮಾನ ಇಲಾಖೆ ಪ್ರತಿ ಗುರುವಾರ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆಯನ್ನು ಪ್ರಕಟಿಸುತ್ತದೆ, ಚಂಡಮಾರುತ ಹುಟ್ಟುವ ಸಂಭವವನ್ನೂ ಅದೇ ದಿನ ಹೇಳುತ್ತದೆ. ಹಲಗೆ ಹಾಕುವ ದಿನವನ್ನು ಈಗಿನಂತೆ ರೂಢಿಯ ತಾರೀಖಿಗೆ ಬಿಡದೆ ಆ ಗುರುವಾರದ ನಕ್ಷೆಯನ್ನು ನೋಡಿ ಗೊತ್ತುಪಡಿಸಲು ಪಂಚಾಯಿತಿಗಳಿಗೂ ಸಣ್ಣ ನೀರಾವರಿ ಇಲಾಖೆಗೂ ಹೊಸ ಉಪಕರಣವಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಾಗಿಲ್ಲ.